ಕಾಣದ ಸೋರಿಕೆಯನ್ನು ಕಂಡುಹಿಡಿಯುವ ಬಗೆ

(ಮೋಟಾರು ವಾಹನದ ಪೆಟ್ರೋಲು ಆವಿಯನ್ನು ಕುರಿತ ಒಂದು ಪಾಠ)



ಕೊಡ ಸೋರಿದರೆ ನೆಲ ತೊಯ್ಯುತ್ತದೆ. ಎಣ್ಣೆಯ ಡಬ್ಬಿ ಸೋರಿದರೆ ಕಲೆ ಬೀಳುತ್ತದೆ. ಜೋಳದ ಚೀಲ ಹರಿದರೆ ದಾರಿಯುದ್ದಕ್ಕೂ ಕಾಳು ಚೆಲ್ಲಿ ತನ್ನ ಸುಳಿವನ್ನು ತಾನೇ ಕೊಡುತ್ತದೆ. ಆದರೆ ಕಣ್ಣಿಗೆ ಕಾಣದ ವಸ್ತುವೇ ಸೋರತೊಡಗಿದರೆ ಅದನ್ನು ಹುಡುಕುವುದು ಹೇಗೆ? ಈ ಪ್ರಶ್ನೆಯು ಕೆಲವು ವರ್ಷಗಳ ಹಿಂದೆ ನಮ್ಮ ಮುಂದೆ ಬಂದು ನಿಂತಿತು. ಅದಕ್ಕೆ ದೊರೆತ ಉತ್ತರವು ಒಳ್ಳೆಯ ವಿಜ್ಞಾನದ ಪಾಠವಾಗಿದ್ದುದರಿಂದ ಅದನ್ನು ಈ ವರ್ಷದ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಅದು ಮಾರ್ಚ್ ತಿಂಗಳು. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಪರವೂರಿನ ಕೇಂದ್ರಕ್ಕೆ ಹೋಗಬೇಕಾಗಿದ್ದ ನಾಲ್ವರು ಮಕ್ಕಳಿಗಾಗಿ ಊರಿನ ಹಿರಿಯರೊಬ್ಬರು ತಮ್ಮ ಕಾರನ್ನು ಪ್ರೀತಿಯಿಂದ ಕೊಟ್ಟಿದ್ದರು. ಬಿಸಿಲಿಗೆ ನಿಂತಿದ್ದ ಆ ಕಾರಿನ ಬಾಗಿಲು ತೆರೆದೊಡನೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಕಿಟಕಿಗಳನ್ನು ತೆರೆದುಕೊಂಡೇ ಹೊರಟೆವು. ಆದರೂ ಅರ್ಧ ದಾರಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ವಾಂತಿಯಾಯಿತು. ವರ್ಷವೆಲ್ಲ ಓದಿದ ಹುಡುಗಿ ಪರೀಕ್ಷೆಯ ಮೊದಲನೆಯ ತಾಸನ್ನು ತಲೆ ಹಿಡಿದುಕೊಂಡೇ ಕಳೆಯಬೇಕಾಯಿತು.

ಕಾರಿನ ಒಡೆಯರು ಬಹಳ ನೊಂದುಕೊಂಡರು. ಮರುದಿನವೇ ಕಾರನ್ನು ನಗರದ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಸರಿಯಾಗಿ ನೋಡದೆಯೇ ಪೆಟ್ರೋಲು ಪಂಪನ್ನು ಬದಲಿಸಿ ಹಲವು ಸಾವಿರ ರೂಪಾಯಿಗಳ ಬಿಲ್ಲು ಕೊಟ್ಟರು. ಹಣ ಹೋಯಿತು, ವಾಸನೆ ಮಾತ್ರ ಹೋಗಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಮಿಸ್ತ್ರಿಯವರ ಬಳಿಗೆ ನಾವೂ ಜೊತೆಯಾಗಿ ಹೋದೆವು. ಅವರು ಪಾನೆಯನ್ನು ಕೈಗೆತ್ತಿಕೊಳ್ಳಲಿಲ್ಲ, ಮೊದಲು ಕೇಳಿದರು: "ಗುರುಗಳೇ, ವಾಸನೆ ಯಾವಾಗ ಹೆಚ್ಚು? ಪೆಟ್ರೋಲು ತುಂಬಿಸಿದ ಮೇಲೋ, ಬಿಸಿಲಿಗೆ ನಿಂತ ಮೇಲೋ, ಓಡುವಾಗಲೋ?" ಆ ಒಂದು ಪ್ರಶ್ನೆಯಿಂದಲೇ ಅವರ ಕೆಲಸ ಅರ್ಧ ಮುಗಿದಿತ್ತೆಂಬುದು ನಮಗೆ ಆಮೇಲೆ ತಿಳಿಯಿತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಪೆಟ್ರೋಲಿನ ಸ್ವಭಾವವನ್ನು ತಿಳಿಯಬೇಕು.

1. ಪೆಟ್ರೋಲಿನ ಸ್ವಭಾವ

ಪೆಟ್ರೋಲು ಒಂದೇ ವಸ್ತುವಲ್ಲ. ಅನೇಕ ದ್ರವಗಳ ಮಿಶ್ರಣ. ಅವುಗಳಲ್ಲಿ ಕೆಲವು ಬಹಳ ಹಗುರವಾದವು. ಉದಾಹರಣೆಗೆ, ಪೆಂಟೇನ್ ಎಂಬುದು 36 ಅಂಶ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುತ್ತದೆ. ನಮ್ಮ ಜತ್ತ ತಾಲೂಕಿನ ಬೇಸಗೆಯಲ್ಲಿ ನೆರಳಿನಲ್ಲಿಯೇ 40 ಅಂಶದ ಕಾವು ಇರುವಾಗ, ಬಿಸಿಲಿಗೆ ನಿಂತ ವಾಹನದ ಟಾಕಿಯಲ್ಲಿ ಏನಾಗುವುದೆಂದು ನೀವೇ ಊಹಿಸಬಹುದು. ದ್ರವವು ಆವಿಯಾಗಿ ಏಳುತ್ತದೆ, ಆವಿಯು ಜಾಗ ಸಾಲದೆ ಟಾಕಿಯ ಗೋಡೆಗಳನ್ನು ಒತ್ತುತ್ತದೆ. ರಾತ್ರಿ ತಂಪಾದಾಗ ಅದೇ ಆವಿ ಕುಗ್ಗಿ, ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಹೀಗೆ ಟಾಕಿಯು ದಿನಕ್ಕೊಮ್ಮೆ ಉಸಿರು ಬಿಟ್ಟು ಉಸಿರು ಎಳೆದುಕೊಳ್ಳುತ್ತದೆ ಎನ್ನಬಹುದು.

ಟಾಕಿಯನ್ನು ಪೂರ್ತಿಯಾಗಿ ಮುಚ್ಚಿಬಿಟ್ಟರೆ ಒತ್ತಡ ಏರಿ ಅಪಾಯವಾದೀತು. ತೆರೆದೇ ಇಟ್ಟರೆ ಪೆಟ್ರೋಲು ಗಾಳಿಯ ಪಾಲಾದೀತು. ಹಿಂದಿನ ಕಾಲದ ಮೋಟಾರುಗಳಲ್ಲಿ ಮುಚ್ಚಳಕ್ಕೆ ಒಂದು ಸಣ್ಣ ರಂಧ್ರವಿದ್ದು, ಆವಿಯು ಅದರ ಮೂಲಕ ಹೊರಟುಹೋಗುತ್ತಿತ್ತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

2. ಅನಾನಸಿನ ಪರಿಮಳದಿಂದ ಹೊಗೆಮಂಜಿನವರೆಗೆ

ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಮಾಡಿದವರಲ್ಲಿ ಆರೀ ಹಾಗೆನ್-ಸ್ಮಿತ್ ಎಂಬ ರಸಾಯನ ಶಾಸ್ತ್ರಜ್ಞರು ಮುಖ್ಯರು. ಅವರು ಹಾಲೆಂಡಿನಲ್ಲಿ 1900ರಲ್ಲಿ ಹುಟ್ಟಿ, ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾಗಿದ್ದರು. ಅನಾನಸಿನ ಹಣ್ಣಿಗೆ ಪರಿಮಳ ಎಲ್ಲಿಂದ ಬರುತ್ತದೆಂದು ಶೋಧಿಸುತ್ತಿದ್ದ ಅವರು, ಲಾಸ್ ಏಂಜಲೀಸ್ ನಗರದ ಜನರ ಕಣ್ಣು ಉರಿಸುತ್ತಿದ್ದ ಹೊಗೆಮಂಜಿನ ಕಡೆಗೆ ಗಮನ ಹರಿಸಿದರು. ಪೆಟ್ರೋಲಿನ ಆವಿಯೂ ಎಂಜಿನಿನ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದಾಗ ಓಝೋನ್ ಎಂಬ ತೀಕ್ಷ್ಣವಾದ ಅನಿಲ ಹುಟ್ಟುತ್ತದೆಂದು 1950ರ ಸುಮಾರಿಗೆ ಅವರು ತೋರಿಸಿಕೊಟ್ಟರು. ಓಝೋನಿನ ಪ್ರಮಾಣವನ್ನು ತಿಳಿಯಲು ಅವರು ಬಳಸಿದ ಉಪಾಯವೂ ಸರಳವಾದುದು: ಬಗ್ಗಿಸಿದ ರಬ್ಬರಿನ ತುಂಡು ಓಝೋನಿನಲ್ಲಿ ಎಷ್ಟು ಬೇಗ ಬಿರಿಯುತ್ತದೆಂಬುದನ್ನು ನೋಡುವುದು.

ದೂರದೇಶದ ಈ ಸಂಗತಿ ನಮಗೇಕೆ ಎಂದು ಯಾರಾದರೂ ಕೇಳಬಹುದು. ಓಝೋನ್ ಮನುಷ್ಯರ ಶ್ವಾಸಕೋಶಗಳಿಗೆ ಕೆಡುಕು ಮಾಡುವಂತೆ ಬೆಳೆಗಳಿಗೂ ಮಾಡುತ್ತದೆ. ಕ್ಯಾಲಿಫೋರ್ನಿಯಾದ ದ್ರಾಕ್ಷಿಯ ಎಲೆಗಳ ಮೇಲೆ ಬೀಳುತ್ತಿದ್ದ ಕಪ್ಪು ಚುಕ್ಕೆಗಳಿಗೆ ಓಝೋನೇ ಕಾರಣವೆಂದು 1958ರಲ್ಲಿ ಪ್ರಕಟವಾಯಿತು. ದ್ರಾಕ್ಷಿ ಬೆಳೆಯುವ ಸಾಂಗಲಿ ಜಿಲ್ಲೆಯವರಾದ ನಾವು ಇದನ್ನು ಪರರ ಸಂಗತಿಯೆಂದು ಬಿಡಲಾಗದು. ಅಲ್ಲದೆ ಪೆಟ್ರೋಲಿನಲ್ಲಿ ಬೆಂಝೀನ್ ಎಂಬ ದ್ರವವೂ ಸ್ವಲ್ಪ ಇರುತ್ತದೆ. ಅದು ಮನುಷ್ಯರಿಗೆ ಅರ್ಬುದ ರೋಗವನ್ನು ತರಬಲ್ಲದು. ನಮ್ಮ ದೇಶದ ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಭಾಗಕ್ಕಿಂತ ಹೆಚ್ಚಾಗಿರಕೂಡದೆಂದು ನಿಯಮವಿದೆ.

ಆವಿಯನ್ನು ತಡೆಯುವ ಸಾಧನವು ಹೊಸ ಕಾರುಗಳಿಗೆ ಇರಲೇಬೇಕೆಂಬ ನಿಯಮವು ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಂದಲೂ, ಅಮೆರಿಕೆಯಲ್ಲೆಲ್ಲ 1971ರ ಮಾದರಿಗಳಿಂದಲೂ ಜಾರಿಗೆ ಬಂದಿತು. ನಮ್ಮ ದೇಶದಲ್ಲಿಯೂ ಕಾರುಗಳಿಗೆ ಇಂಥ ನಿಯಮಗಳು ಬಂದವು. 2017ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 4 ನಿಯಮವು ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಅನ್ವಯಿಸಿದಾಗ, ಅವುಗಳ ಆವಿಗೂ ಮಿತಿ ಬಂದಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಯಲ್ಲಿದೆ. ಹೊಸ ಮಾದರಿಯ ಕಾರನ್ನು ಗಾಳಿಯಾಡದ ಕೋಣೆಯಲ್ಲಿ ನಿಲ್ಲಿಸಿ, ಅದರಿಂದ ಹೊರಡುವ ಆವಿಯನ್ನು ಅಳೆಯುತ್ತಾರೆ. ಒಂದು ಪರೀಕ್ಷೆಯಲ್ಲಿ ಅದು 2 ಗ್ರಾಂ ಮೀರಕೂಡದು. ವಾಹನಗಳನ್ನು ಹೀಗೆ ಪರೀಕ್ಷಿಸುವ ಸಂಸ್ಥೆಗಳಲ್ಲಿ ನಮ್ಮ ರಾಜ್ಯದ ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ. ಎಂಬುದು ಪ್ರಸಿದ್ಧವಾದುದು.

3. ಇದ್ದಿಲಿನ ಡಬ್ಬಿ

ಟಾಕಿಯು ಉಸಿರಾಡಬೇಕು, ಆವಿ ಮಾತ್ರ ಹೊರಗೆ ಹೋಗಬಾರದು. ಈ ಒಗಟನ್ನು ಬಿಡಿಸಿದ್ದು ಇದ್ದಿಲು. ಟಾಕಿಯ ಉಸಿರು ಒಂದು ನಳಿಯ ಮೂಲಕ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಮಿಸ್ತ್ರಿಗಳು ಇದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ಇದು ನಮ್ಮ ಒಲೆಯ ಇದ್ದಿಲಲ್ಲ. ವಿಶೇಷವಾಗಿ ಸಂಸ್ಕರಿಸಿ, ಒಳಗೆಲ್ಲ ಅತಿ ಸೂಕ್ಷ್ಮವಾದ ರಂಧ್ರಗಳಾಗುವಂತೆ ಮಾಡಿದ ಇದ್ದಿಲು. ಇಂಥ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಬಹುದಾದರೆ ಅದು ಸುಮಾರು 1000 ಚದರ ಮೀಟರು, ಎಂದರೆ ಹತ್ತಿರ ಹತ್ತಿರ ಹತ್ತು ಗುಂಟೆ ಹೊಲದಷ್ಟಾಗುತ್ತದೆ! ಆವಿಯ ಕಣಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಶುದ್ಧವಾದ ಗಾಳಿ ಮಾತ್ರ ಡಬ್ಬಿಯ ಇನ್ನೊಂದು ಬಾಯಿಯಿಂದ ಹೊರಬೀಳುತ್ತದೆ.

ಡಬ್ಬಿ ತುಂಬಿಹೋದರೆ? ಅದಕ್ಕೂ ಏರ್ಪಾಡಿದೆ. ಎಂಜಿನು ಚಾಲೂ ಆಗಿ ಬಿಸಿಯಾದ ಮೇಲೆ, ಡಬ್ಬಿಗೂ ಎಂಜಿನಿಗೂ ನಡುವೆ ಇರುವ ಪರ್ಜ್ ವಾಲ್ವು ತೆರೆದುಕೊಳ್ಳುತ್ತದೆ. ಎಂಜಿನು ಗಾಳಿಯನ್ನು ಹೀರುವ ಸೆಳೆತಕ್ಕೆ ಹೊರಗಿನ ಗಾಳಿಯು ಡಬ್ಬಿಯೊಳಗೆ ನುಗ್ಗಿ, ಅಂಟಿದ್ದ ಆವಿಯನ್ನು ಬಿಡಿಸಿಕೊಂಡು ಎಂಜಿನಿಗೆ ಒಯ್ಯುತ್ತದೆ. ಅಲ್ಲಿ ಅದು ಉರಿದು ಗಾಡಿಯನ್ನು ಓಡಿಸುತ್ತದೆ. ವ್ಯರ್ಥವಾಗುತ್ತಿದ್ದುದು ಹೀಗೆ ಉಪಯೋಗಕ್ಕೆ ಬರುತ್ತದೆ. ಡೀಸೆಲ್ ಬಹಳ ನಿಧಾನವಾಗಿ ಆವಿಯಾಗುವುದರಿಂದ ಡೀಸೆಲ್ ಗಾಡಿಗಳಿಗೆ ಈ ಡಬ್ಬಿಯ ಅವಶ್ಯಕತೆಯಿಲ್ಲ.

ಟಾಕಿ, ಮುಚ್ಚಳ, ಡಬ್ಬಿ, ವಾಲ್ವುಗಳು, ಇವನ್ನು ಕೂಡಿಸುವ ನಳಿಗಳು: ಇವೆಲ್ಲವೂ ಸೇರಿ ಒಂದೇ ಪಾತ್ರೆಯೆಂದು ತಿಳಿಯಿರಿ. ಪಾತ್ರೆಯ ಯಾವ ಮೂಲೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಆವಿಯು ಇದ್ದಿಲಿನ ದಾರಿ ಬಿಟ್ಟು ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ.

4. ಹುಡುಕುವ ಕ್ರಮ

ಈಗ ಮಿಸ್ತ್ರಿಯವರ ಪ್ರಶ್ನೆಗೆ ಮರಳೋಣ. ಪೆಟ್ರೋಲು ತುಂಬಿಸಿದ ಕೂಡಲೇ ವಾಸನೆ ಬಂದರೆ ಅನುಮಾನವು ಮುಚ್ಚಳ, ತುಂಬುವ ಕೊಳವೆ, ಟಾಕಿಯ ಮೇಲ್ಭಾಗ ಇವುಗಳ ಕಡೆಗೆ ಹೋಗಬೇಕು. ತುಂಬಿಸಿದ ಮೇಲೆ ಎಂಜಿನು ಬೇಗ ಚಾಲೂ ಆಗದಿದ್ದರೆ ಪರ್ಜ್ ವಾಲ್ವು ಮುಚ್ಚಿಕೊಳ್ಳದೆ ತೆರೆದೇ ಉಳಿದಿರಬಹುದು. ಎಂಜಿನು ಓಡುವಾಗ ಮಾತ್ರ ವಾಸನೆ ಬಂದರೆ, ಅದು ಆವಿಯ ಸೋರಿಕೆಯಾಗಿರದೆ ಪೆಟ್ರೋಲು ಹರಿಯುವ ನಳಿಯ ಸೋರಿಕೆಯೇ ಆಗಿರಬಹುದು. ಅದು ಹೆಚ್ಚು ಅಪಾಯಕರವಾದುದರಿಂದ ಗಾಡಿಯನ್ನು ಒಡನೆಯೇ ನಿಲ್ಲಿಸಬೇಕು. ನಮ್ಮ ಕಾರಿನ ವಾಸನೆಯು ಬಿಸಿಲಿಗೆ ನಿಂತಾಗ ಬರುತ್ತಿತ್ತು, ಓಡುವಾಗ ಕಡಿಮೆಯಾಗುತ್ತಿತ್ತು. ಆದುದರಿಂದ ಪಂಪಿನ ಮೇಲೆ ಮೊದಲು ಸಂಶಯಪಡಲು ಕಾರಣವೇ ಇರಲಿಲ್ಲ.

ಎರಡನೆಯದಾಗಿ ಅವರು ಅಗ್ಗದ ವಸ್ತುವಿನಿಂದ ಆರಂಭಿಸಿದರು. ಟಾಕಿಯ ಮುಚ್ಚಳವನ್ನು ಬಿಚ್ಚಿ, ಅದರ ರಬ್ಬರಿನ ವಾಷರನ್ನು ಬೆರಳಿನಿಂದ ಬಗ್ಗಿಸಿ ನೋಡಿದರು. ಮನೆಯಲ್ಲಿ ಕುಕ್ಕರು ಸೀಟಿ ಹಾಕದಿದ್ದರೆ ತಾಯಂದಿರು ಮೊದಲು ನೋಡುವುದು ಅದರ ರಬ್ಬರನ್ನೇ ಅಲ್ಲವೇ? ಇಲ್ಲಿಯೂ ಅದೇ ನ್ಯಾಯ. ರಬ್ಬರು ವಯಸ್ಸಾದಂತೆ ಗಡುಸಾಗಿ ಬಿರಿಯುತ್ತದೆ. ಕಾವು, ಓಝೋನ್ ಎರಡೂ ಅದರ ಶತ್ರುಗಳು. ಇಥೆನಾಲು ಬೆರೆತ ಪೆಟ್ರೋಲಿಗೆ ಹೊಂದದ ಹಳೆಯ ಬಗೆಯ ರಬ್ಬರು ಇನ್ನೂ ಬೇಗ ಕೆಡುತ್ತದೆ. ಆದುದರಿಂದ ನಳಿ ಬದಲಿಸುವಾಗ ಪೆಟ್ರೋಲಿಗಾಗಿಯೇ ತಯಾರಿಸಿದ ನಳಿಯನ್ನು ಹಾಕಿಸಬೇಕು. ನೀರಿನ ಪೈಪಿನ ತುಂಡು ನಡೆಯದು. ನಮ್ಮ ಕಾರಿನ ವಾಷರು ಮೆತ್ತಗೆ ನೆಟ್ಟಗೆ ಇತ್ತು.

ಮೂರನೆಯದಾಗಿ, ಗಾಡಿಯನ್ನು ಎತ್ತಿ ನಳಿಗಳನ್ನು ಕಣ್ಣಿನಿಂದ ನೋಡಿದರು. ಏನೂ ಕಾಣಲಿಲ್ಲ. ಆಗ ಅವರು, "ಇನ್ನು ಹೊಗೆ ಹಾಕಿ ನೋಡುವುದೇ ಸರಿ" ಎಂದರು.

ಇಲ್ಲೊಂದು ಮಾತು. ಅಮೆರಿಕೆಯಲ್ಲಿ 1996ರಿಂದ ಕಾರುಗಳು ತಮ್ಮ ಸೋರಿಕೆಯನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಕಾರಿನ ಗಣಕವು ಎಲ್ಲ ಬಾಯಿಗಳನ್ನೂ ಮುಚ್ಚಿ, ಎಂಜಿನಿನ ಸೆಳೆತದಿಂದ ಟಾಕಿಯೊಳಗೆ ತುಸು ನಿರ್ವಾತವನ್ನು ಉಂಟುಮಾಡಿ, ಅದು ನಿಲ್ಲುವುದೋ ಇಳಿಯುವುದೋ ಎಂದು ನೋಡುತ್ತದೆ. ಇಳಿದರೆ ಎದುರಿನ ಫಲಕದಲ್ಲಿ ಎಂಜಿನಿನ ದೀಪ ಹತ್ತುತ್ತದೆ. ಮೊದಲು ಸುಮಾರು 1 ಮಿಲಿಮೀಟರಿನ ರಂಧ್ರವನ್ನೂ, ಮುಂದೆ ಅರ್ಧ ಮಿಲಿಮೀಟರಿನದನ್ನೂ ಅದು ಗುರುತಿಸಬೇಕೆಂದು ನಿಯಮವಾಯಿತು. ನಮ್ಮ ದೇಶದ ಅನೇಕ ಕಾರುಗಳಲ್ಲಿ ಇಂಥ ಸೋರಿಕೆಗೆ ದೀಪವು ಹತ್ತದೆಯೇ ಇರಬಹುದು. ಆದುದರಿಂದ ದೀಪವಿಲ್ಲವೆಂದು ಸೋರಿಕೆಯಿಲ್ಲವೆಂದು ತಿಳಿಯಬಾರದು. ದೀಪ ಹತ್ತಿದರೂ, ಯಂತ್ರವು ತೋರಿಸುವ ಸಂಖ್ಯೆಯು ಸೋರಿಕೆ ಇದೆಯೆಂದು ಮಾತ್ರ ಹೇಳುತ್ತದೆ. ಪಿ 0455 ಎಂದರೆ ದೊಡ್ಡ ಸೋರಿಕೆ, ಪಿ 0442 ಎಂದರೆ ಸಣ್ಣ ಸೋರಿಕೆ. ಅದು ಎಲ್ಲಿದೆಯೆಂದು ಹುಡುಕುವುದು ಮನುಷ್ಯನ ಕೆಲಸವಾಗಿಯೇ ಉಳಿಯುತ್ತದೆ.

5. ಹೊಗೆಯ ಪರೀಕ್ಷೆ

ಸೈಕಲ್ಲಿನ ಟ್ಯೂಬು ಪಂಕ್ಚರಾದರೆ ಅಂಗಡಿಯವನು ಏನು ಮಾಡುತ್ತಾನೆ? ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಮುಳುಗಿಸುತ್ತಾನೆ; ಗುಳ್ಳೆ ಎದ್ದಲ್ಲಿ ರಂಧ್ರ. ಕಾಣದ ಗಾಳಿಗೆ ನೀರು ಒಂದು ರೂಪವನ್ನು ಕೊಡುತ್ತದೆ. ಗ್ಯಾಸಿನ ಸಿಲಿಂಡರಿನ ನಳಿಗೆ ಸಾಬೂನಿನ ನೊರೆ ಹಚ್ಚಿ ನೋಡುವುದೂ ಇದೇ ತತ್ತ್ವದಿಂದ. ಕಾರನ್ನು ಬೋಗುಣಿಯಲ್ಲಿ ಮುಳುಗಿಸಲಾಗದು. ಆದುದರಿಂದ ಅದರೊಳಗಿನ ಗಾಳಿಗೇ ಬಣ್ಣ ಕೊಡಬೇಕು. ಆ ಬಣ್ಣವೇ ಹೊಗೆ.

ಮಿಸ್ತ್ರಿಯವರ ಯಂತ್ರದಲ್ಲಿ ಖನಿಜ ತೈಲವನ್ನು ಕಾಯಿಸಿ ಬಿಳಿಯ ಹೊಗೆಯನ್ನು ಹುಟ್ಟಿಸುತ್ತಾರೆ. ಅದನ್ನು ಒಳಕ್ಕೆ ತಳ್ಳಲು ನೈಟ್ರೋಜನ್ ಅನಿಲವನ್ನು ಬಳಸಿದರು. ಗಾಳಿಯನ್ನೇಕೆ ಬಳಸಲಿಲ್ಲ? ಗಾಳಿಯಲ್ಲಿ ಆಮ್ಲಜನಕವಿದೆ, ಪೆಟ್ರೋಲಿನ ಆವಿಯೊಡನೆ ಅದು ಬೆರೆತರೆ ಒಂದು ಕಿಡಿ ಸಾಕು. ನೈಟ್ರೋಜನ್ ಉರಿಯಲು ಸಹಾಯ ಮಾಡದು.

ಒತ್ತಡವನ್ನೂ ಗಮನಿಸಿರಿ. ಕಾರಿನ ಗಾಲಿಗೆ ನಾವು ಚದರ ಅಂಗುಲಕ್ಕೆ 30 ಪೌಂಡಿಗಿಂತ ಮೇಲೆ ಗಾಳಿ ತುಂಬಿಸುತ್ತೇವೆ. ಹೊಗೆಯ ಯಂತ್ರದ ಒತ್ತಡವಾದರೋ ಸುಮಾರು ಅರ್ಧ ಪೌಂಡು ಮಾತ್ರ. ಎಂದರೆ 35 ಸೆಂಟಿಮೀಟರು ಎತ್ತರದ ನೀರಿನ ಭಾರದಷ್ಟು. ಗಾಲಿಗೆ ಗಾಳಿ ತುಂಬುವ ಯಂತ್ರವನ್ನು ಟಾಕಿಗೆ ಹಚ್ಚಿದರೆ ಸೋರಿಕೆ ಸಿಗುವ ಮೊದಲೇ ಡಬ್ಬಿ, ನಳಿಗಳು ಒಡೆದಾವು.

ಪರೀಕ್ಷೆ ನಡೆದ ಕ್ರಮವಿದು. ಮೊದಲು ಡಬ್ಬಿಯ ಗಾಳಿಬಾಯಿಯನ್ನು ಮುಚ್ಚಿದರು. ಅದು ತೆರೆದಿದ್ದರೆ ಹೊಗೆಯು ಅಲ್ಲಿಂದಲೇ ಹೋಗಿಬಿಡುತ್ತದೆ. ಬಳಿಕ ಪರ್ಜ್ ವಾಲ್ವಿನ ಬಳಿಯ ನಳಿಯಿಂದ ಹೊಗೆಯನ್ನು ಬಿಟ್ಟರು. ಟಾಕಿಯ ಮುಚ್ಚಳ ತೆಗೆದು, ಅಲ್ಲಿಗೆ ಹೊಗೆ ಬಂದುದನ್ನು ಕಂಡ ಮೇಲೆ ಮುಚ್ಚಿದರು. ಒಳಗೆಲ್ಲ ಹೊಗೆ ತುಂಬಿದೆಯೆಂಬುದಕ್ಕೆ ಅದೇ ಗುರುತು. ಯಂತ್ರದ ಗಾಜಿನ ಕೊಳವೆಯಲ್ಲಿ ಒಂದು ಸಣ್ಣ ಗುಂಡು ಇತ್ತು. ಎಲ್ಲಿಯೂ ಸೋರದಿದ್ದರೆ ಹರಿವು ನಿಂತು ಗುಂಡು ತಳಕ್ಕೆ ಇಳಿಯಬೇಕು. ಅದು ಇಳಿಯಲಿಲ್ಲ, ಸೋರಿಕೆ ಇರುವುದು ನಿಶ್ಚಯವಾಯಿತು. ಆಮೇಲೆ ಅವರು ಬ್ಯಾಟರಿ ಹಿಡಿದು ಗಾಡಿಯ ಅಡಿಯಲ್ಲಿ ಒಂದೊಂದೇ ಕೂಡಿಕೆಯನ್ನು ನೋಡುತ್ತ ಬಂದರು. ಐದಾರು ನಿಮಿಷಗಳಾಗಿರಬಹುದು. ಡಬ್ಬಿಯ ಹಿಂಬದಿಯಲ್ಲಿ, ನಳಿಯು ಬಾಗಿ ಮರೆಯಾಗುವ ಕಡೆಯಲ್ಲಿ, ಊದುಬತ್ತಿಯ ಹೊಗೆಯಂಥ ಒಂದು ಎಳೆಯು ಮೆಲ್ಲನೆ ಏಳುತ್ತಿತ್ತು. ಅಲ್ಲಿ ರಬ್ಬರಿನ ಮೇಲೆ ಇಲಿಯ ಹಲ್ಲಿನ ಗುರುತುಗಳಿದ್ದವು!

ಕಾರಿನ ಒಡೆಯರು ನಕ್ಕುಬಿಟ್ಟರು. ಅವರ ಕಾರು ನಿಲ್ಲುತ್ತಿದ್ದುದು ಜೋಳದ ಚೀಲಗಳನ್ನು ಒಟ್ಟಿದ್ದ ಕೊಟ್ಟಿಗೆಯ ಪಕ್ಕದಲ್ಲಿಯೇ. ಕಾಳಿಗೆ ಬಂದ ಇಲಿಯು ನಳಿಯನ್ನೂ ರುಚಿ ನೋಡಿತ್ತು. ಗೇಣುದ್ದದ ನಳಿಯನ್ನು ಬದಲಿಸಿ, ಹೊಗೆಯನ್ನು ಮತ್ತೊಮ್ಮೆ ಬಿಟ್ಟರು. ಈ ಸಲ ಗುಂಡು ತಳಕ್ಕೆ ಇಳಿದು ಕುಳಿತಿತು. ದುರಸ್ತಿಯಾದ ಮೇಲೆ ಮರುಪರೀಕ್ಷೆ ಮಾಡದೆ ಕೆಲಸ ಮುಗಿಯಿತೆನ್ನಬಾರದೆಂಬುದು ಅವರಿಂದ ನಾವು ಕಲಿತ ಇನ್ನೊಂದು ಪಾಠ. ಒಟ್ಟು ಖರ್ಚು ಪಂಪಿಗೆ ಸುರಿದ ಹಣದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

6. ಪಾಲಕರಿಗೂ ಮಕ್ಕಳಿಗೂ ಕೆಲವು ಎಚ್ಚರಿಕೆಗಳು

ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದು. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು ಒಂದೂವರೆ ಭಾಗ ಬೆರೆತರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೊನ್ನೆಗಿಂತ 40 ಅಂಶ ಕೆಳಗಿನ ಚಳಿಯಲ್ಲಿಯೂ ಉರಿಯುವಷ್ಟು ಆವಿಯನ್ನು ಪೆಟ್ರೋಲು ಬಿಡಬಲ್ಲದು. ಆದುದರಿಂದ,

(ಅ) ಕಡ್ಡಿ ಗೀರಿ, ದೀಪ ಹಿಡಿದು ಸೋರಿಕೆಯನ್ನು ಎಂದಿಗೂ ಹುಡುಕಬಾರದು. ವಾಸನೆ ಬರುವಲ್ಲಿ ಬೀಡಿ, ಒಲೆ, ವಿದ್ಯುತ್ತಿನ ಗುಂಡಿ ಯಾವುದೂ ಬೇಡ.

(ಆ) ವಾಸನೆ ಬರುವ ಗಾಡಿಯನ್ನು ಮನೆಯ ಪಡಸಾಲೆಯಲ್ಲಿ ನಿಲ್ಲಿಸಬಾರದು, ಬಯಲಿನಲ್ಲಿ ನಿಲ್ಲಿಸಬೇಕು. ಅದರಲ್ಲಿ ಮಕ್ಕಳನ್ನು ಕೂರಿಸಬಾರದು.

(ಇ) ನಳಿಯಿಟ್ಟು ಬಾಯಿಂದ ಪೆಟ್ರೋಲು ಎಳೆಯುವ ರೂಢಿಯನ್ನು ಬಿಡಬೇಕು. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ನೀರಿನ ಬಾಟಲಿಯಲ್ಲಿ ಪೆಟ್ರೋಲನ್ನು ಮನೆಯಲ್ಲಿಡಬಾರದು.

(ಈ) ಪಂಪಿನಲ್ಲಿ ಪೆಟ್ರೋಲು ತುಂಬಿಸುವಾಗ ಬಂದೂಕು ಮೊದಲ ಸಲ ಟಕ್ ಎಂದು ನಿಂತೊಡನೆ ಸಾಕು ಎನ್ನಬೇಕು. ಬಾಯಿಯವರೆಗೆ ತುಂಬಿಸಿದರೆ ದ್ರವವೇ ಇದ್ದಿಲಿನ ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

(ಉ) ಇದ್ದಿಲಿನ ಡಬ್ಬಿ ದಂಡದ ವಸ್ತುವೆಂದು ಕೆಲವರು ಅದನ್ನು ಕಿತ್ತೆಸೆಯುತ್ತಾರೆ. ಅದರಿಂದ ಲಾಭವಿಲ್ಲ, ಅದು ಹಿಡಿದಿಡುತ್ತಿದ್ದ ಆವಿಯೆಲ್ಲ ನಮ್ಮ ಅಂಗಳಕ್ಕೇ ಬರುತ್ತದೆ.

(ಊ) ಭಾಗಗಳನ್ನು ಬದಲಿಸುವ ಮೊದಲು, "ಸೋರಿಕೆ ಎಲ್ಲಿದೆ, ತೋರಿಸಿರಿ" ಎಂದು ಮಿಸ್ತ್ರಿಯನ್ನು ಕೇಳುವುದು ಒಡೆಯನ ಹಕ್ಕು. ಬಲ್ಲವರು ಅದಕ್ಕೆ ಬೇಸರಪಡುವುದಿಲ್ಲ.

7. ಮುಗಿಸುವ ಮುನ್ನ

ಈ ಕಥೆಯಲ್ಲಿ ನಮಗೆ ಮುಖ್ಯವಾಗಿ ತೋರುವುದು ಆ ಮಿಸ್ತ್ರಿಯವರ ನಡೆ. ಅವರು ಮೊದಲು ಕೇಳಿದರು, ಬಳಿಕ ನೋಡಿದರು, ಅಗ್ಗದಿಂದ ತುಟ್ಟಿಯ ಕಡೆಗೆ ಸಾಗಿದರು, ಕಾಣದುದನ್ನು ಕಾಣುವಂತೆ ಮಾಡಿದರು, ಕೊನೆಗೆ ತಮ್ಮ ಕೆಲಸವನ್ನೇ ಮತ್ತೊಮ್ಮೆ ಪರೀಕ್ಷಿಸಿದರು. ಗಣಿತದಲ್ಲಿ ತಾಳೆ ನೋಡುವುದೂ, ವೈದ್ಯರು ರೋಗಿಯನ್ನು ವಿಚಾರಿಸುವುದೂ, ಹನಿ ನೀರಾವರಿಯ ಪೈಪಿನಲ್ಲಿ ಒತ್ತಡ ಇಳಿದಾಗ ರೈತನು ಒಂದೊಂದೇ ಸಾಲನ್ನು ಬಂದುಮಾಡಿ ನೋಡುವುದೂ ಇದೇ ದಾರಿ. ಈ ದಾರಿಗೆ ಮಾತೃಭಾಷೆಯಲ್ಲಿ ಕಲಿತ ಹುಡುಗನು ಅನರ್ಹನಲ್ಲ. ಒತ್ತಡ, ಆವಿ, ನಿರ್ವಾತ ಎಂಬ ಪಾಠಗಳನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿದುಕೊಂಡವನು ಐ.ಟಿ.ಐ.ಯ ಮೋಟಾರು ದುರಸ್ತಿ ತರಬೇತಿಗೆ ಹೋಗಿ ಒಳ್ಳೆಯ ಮಿಸ್ತ್ರಿಯಾಗಬಲ್ಲನು. ಪಾಲಕರು ಆ ಕಸಬನ್ನು ಕೀಳೆಂದು ಭಾವಿಸಬಾರದು.

ಅಂದು ತಲೆ ಹಿಡಿದುಕೊಂಡು ಕುಳಿತಿದ್ದ ವಿದ್ಯಾರ್ಥಿನಿಯು ಆ ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂದು ತಿಳಿಸಲು ನಮಗೆ ಸಂತೋಷವಾಗುತ್ತದೆ. ಆದರೆ ಪ್ರತಿಯೊಂದು ಮಗುವಿಗೂ ಅಂಥ ಅದೃಷ್ಟವಿರುತ್ತದೆಂದು ನಂಬಿಕೊಂಡು ಸೋರುವ ಗಾಡಿಯನ್ನು ಓಡಿಸುವುದು ಸರಿಯಲ್ಲ.

ಮಾಡಿ ನೋಡಿರಿ

ಒಂದು ಖಾಲಿ ಪ್ಲ್ಯಾಸ್ಟಿಕ್ ನೀರಿನ ಬಾಟಲಿಗೆ ಗೆಳೆಯನು ನಿಮಗೆ ತಿಳಿಯದಂತೆ ಸೂಜಿಯಿಂದ ಒಂದು ರಂಧ್ರ ಮಾಡಲಿ. ಗುರುಗಳ ಸಮಕ್ಷಮದಲ್ಲಿ, ಹೊತ್ತಿಸಿದ ಊದುಬತ್ತಿಯ ಹೊಗೆಯನ್ನು ಬಾಟಲಿಯೊಳಗೆ ತುಂಬಿಕೊಂಡು, ಊದುಬತ್ತಿಯನ್ನು ಹೊರತೆಗೆದು, ಮುಚ್ಚಳವನ್ನು ಬಿಗಿಯಿರಿ. ಬಾಟಲಿಯನ್ನು ಮೆಲ್ಲನೆ ಒತ್ತಿರಿ. ರಂಧ್ರವು ಎಲ್ಲಿದೆಯೆಂದು ಹೊಗೆಯೇ ತೋರಿಸುವುದು. ಪೆಟ್ರೋಲು ತುಂಬಿದ್ದ ಬಾಟಲಿಯನ್ನು ಇದಕ್ಕೆ ಎಂದೂ ಬಳಸಕೂಡದು.

ಪ್ರಶ್ನೆಗಳು

1. ಟಾಕಿಯನ್ನು ಪೂರ್ತಿಯಾಗಿ ಏಕೆ ಮುಚ್ಚಬಾರದು?
2. ಇದ್ದಿಲಿನ ಡಬ್ಬಿಯು ತುಂಬಿಹೋಗದಂತೆ ಏನು ಏರ್ಪಾಡು ಇದೆ?
3. ಹೊಗೆಯನ್ನು ತಳ್ಳಲು ಗಾಳಿಗಿಂತ ನೈಟ್ರೋಜನ್ ಮೇಲೇಕೆ?
4. ಮೊದಲನೆಯ ಗ್ಯಾರೇಜಿನವರು ಎಲ್ಲಿ ತಪ್ಪಿದರು? ನೀವಾಗಿದ್ದರೆ ಮೊದಲು ಏನು ಕೇಳುತ್ತಿದ್ದಿರಿ?